ನೀನೇ ಬರ್ಕೊಂಡು ಬಾ

“ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ,” ಎಂದರು ಗೈಡ್ ಮೇಷ್ಟ್ರು. ಗುಬ್ಬಿಯ ಪಾಡು ಶುರುವಾದದ್ದು ಅಲ್ಲಿಂದಲೇ.

ಗುಬ್ಬಿ ಎಂದರೆ ಪ್ರಾಣಿಶಾಸ್ತ್ರ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಆಳು ಚಿಕ್ಕದು, ಅದಕ್ಕೇ ಆ ಹೆಸರು. ಪಿಎಚ್‌ಡಿ ಮಾಡುತ್ತಿದ್ದುದು ಮಾತ್ರ ಮಂಚಕ್ಕಿಂತ ಉದ್ದದ ರೆಕ್ಕೆಯ ಕಡಲಹಕ್ಕಿಯ ಮೇಲೆ. ಇಷ್ಟು ವರ್ಷವೂ ಅವಳು ಕಂಡದ್ದು ಗಾಜಿನ ಬೀರುವಿನೊಳಗೆ ಹುಲ್ಲು ತುಂಬಿ ನಿಲ್ಲಿಸಿದ ಒಂದೇ ಹಕ್ಕಿಯನ್ನು. ಅದಕ್ಕೂ ಒಂದು ಕಣ್ಣು ಬಿದ್ದುಹೋಗಿ, ಯಾರೋ ಕೋಟಿನ ಗುಂಡಿ ಅಂಟಿಸಿದ್ದರು. ಅಂಥದೊಂದು ಹಕ್ಕಿ ನಿಜವಾಗಿ ಗಾಳಿಗೆ ರೆಕ್ಕೆ ಬಿಚ್ಚುವುದನ್ನು ಒಮ್ಮೆ ನೋಡಬೇಕು, ಅಷ್ಟೇ ಅವಳ ಆಸೆ. ದಿನಾ ಸಂಜೆ ಬೀರುವಿಗೆ ಬೀಗ ಹಾಕುವಾಗ ಅವಳಿಗೆ ಅಳು ಬಂದಂತಾಗುತ್ತಿತ್ತು.

ಆ ಹಕ್ಕಿಗಳ ದ್ವೀಪಕ್ಕೆ ವಿದ್ಯಾರ್ಥಿಯೊಬ್ಬರನ್ನು ಕಳಿಸುವ ಫೆಲೋಶಿಪ್ ಒಂದಿತ್ತು. ಅರ್ಜಿ ಸಿದ್ಧವಾಗಿತ್ತು. ಬಾಕಿಯಿದ್ದದ್ದು ಮೇಷ್ಟ್ರ ಶಿಫಾರಸು ಪತ್ರ ಮಾತ್ರ, ಅದಕ್ಕೂ ಇವತ್ತೇ ಕೊನೆಯ ದಿನ.

ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಗುಬ್ಬಿಗೆ ಬರದ ವಿದ್ಯೆ. ಮಧ್ಯಾಹ್ನದವರೆಗೆ ಒದ್ದಾಡಿ ಬರೆದಳು: ‘ಈಕೆ ದಿನಾ ಬರುತ್ತಾಳೆ. ಯಾರಿಗೂ ತೊಂದರೆ ಕೊಡುವುದಿಲ್ಲ.’

ಹಿಂದಿನಿಂದ ಇಣುಕಿದ ಅಜ್ಜ ನಕ್ಕ. ಅಜ್ಜನಿಗೆ ವಯಸ್ಸೇನೂ ಆಗಿರಲಿಲ್ಲ, ಪಿಎಚ್‌ಡಿ ಮುಗಿಸದೆ ವಿಭಾಗದಲ್ಲೇ ಬೇರುಬಿಟ್ಟಿದ್ದಕ್ಕೆ ಬಿದ್ದ ಹೆಸರು ಅದು. “ಬಾಡಿಗೆ ಮನೆ ಕೇಳೋಕೆ ಬರೆದ ಹಾಗಿದೆಯಲ್ಲೇ. ‘ಇಂಥ ಪ್ರತಿಭೆಯನ್ನು ನಾನು ಕಂಡೇ ಇಲ್ಲ’ ಅಂತ ಹಾಕು.”

“ಥೂ, ನಾಚಿಕೆ ಆಗುತ್ತೆ ಕಣೋ.”

ಪುಸ್ತಕ ವಾಪಸ್ ಕೇಳಲು ಬಂದ ಲೈಬ್ರರಿ ಅಕ್ಕ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. “ನಿನ್ನನ್ನ ನೀನೇ ಹೊಗಳಿಕೊಳ್ಳೋಕೆ ಆಗದಿದ್ರೆ ಬಿಡು. ಮೇಷ್ಟ್ರಿಗೆ ಆ ಹಕ್ಕಿ ಅಂದ್ರೆ ಪ್ರಾಣ ಅಂತ ಬರಿ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತೆ.”

“ಅವರಿಗೆ ಹಕ್ಕಿ ಅಂದ್ರೇ ಆಗಲ್ಲ ಅಕ್ಕ. ಪುಕ್ಕ ಕಂಡ್ರೆ ಸೀನು.”

“ಪತ್ರದಲ್ಲಿ ಸೀನು ಕೇಳಿಸುತ್ತಾ?”

ಅದೂ ನಿಜವೇ. ಗುಬ್ಬಿ ಬೀರುವಿನ ಮುಂದೆ ಕೂತು ಮೇಷ್ಟ್ರ ಹೆಸರಿನಲ್ಲಿ ಬರೆಯತೊಡಗಿದಳು: ‘ಈ ಹಕ್ಕಿಯನ್ನು ನಾನು ಗಾಜಿನ ಆಚೆಯಿಂದಷ್ಟೇ ನೋಡಿದ್ದೇನೆ. ರಾತ್ರಿ ಕಣ್ಣು ಮುಚ್ಚಿದರೆ ಅದು ನೀರಿನ ಮೇಲೆ ತೇಲುತ್ತ ಬರುತ್ತದೆ, ಎಚ್ಚರವಾದರೆ ಇರುವುದಿಲ್ಲ. ಸಾಯುವುದರೊಳಗೆ ಒಮ್ಮೆ ಅದರ ರೆಕ್ಕೆಯ ಸದ್ದು ಕೇಳಬೇಕು. ನನಗಾಗದಿದ್ದರೆ ನನ್ನ ವಿದ್ಯಾರ್ಥಿನಿಯಾದರೂ ಕೇಳಲಿ.’ ಓದಿದ ಅಜ್ಜ ಮೊದಲ ಬಾರಿಗೆ ಏನೂ ತಿದ್ದಲಿಲ್ಲ. ಅಕ್ಕ ಮೂಗು ಒರೆಸಿಕೊಂಡರು.

ಅಷ್ಟರಲ್ಲಿ ಪ್ರಿಂಟರ್ ಕೈಕೊಟ್ಟಿತು. ಅಜ್ಜ ಅದನ್ನು ರಿಪೇರಿ ಮಾಡಲು ಹೋಗಿ ಕಾಗದವನ್ನೂ ನುಂಗಿಸಿದ, ಕೈಗೂ ಮಸಿ ಮೆತ್ತಿಕೊಂಡ. ಕೊನೆಗೆ ಲೈಬ್ರರಿಯಲ್ಲಿ ಪ್ರಿಂಟ್ ತೆಗೆದು ಗುಬ್ಬಿ ಓಡೋಡಿ ಬರುವಾಗ ಮೇಷ್ಟ್ರು ಕಾರು ಹತ್ತುತ್ತಿದ್ದರು. ಅವಳ ಸ್ವೆಟರಿಗೆ ಬೀರುವಿನ ಹಕ್ಕಿಯ ಪುಕ್ಕವೊಂದು ಅಂಟಿತ್ತು. ಅವರು ಮೂರು ಸಲ ಸೀನಿ, ಒಂದು ಸಾಲೂ ಓದದೆ ಸೈನ್ ಹಾಕಿ ಹೊರಟುಹೋದರು.

ತಿಂಗಳಾದ ಮೇಲೆ ಮೇಷ್ಟ್ರು ಕರೆಸಿದರು.

“ಎಂಥ ಪತ್ರಮ್ಮ ಅದು. ಸಮಿತಿಯವರು ಓದಿ ಅತ್ತುಬಿಟ್ಟರಂತೆ.”

“ಹಾಗಾದ್ರೆ ಸಿಕ್ತಾ ಸರ್?”

“ಸಿಕ್ತು. ಇಷ್ಟು ಆಸೆ ಇಟ್ಕೊಂಡಿರೋ ಹಿರಿಯರನ್ನ ಬಿಟ್ಟು ವಿದ್ಯಾರ್ಥಿನ ಕಳಿಸೋದು ಹೇಗೆ ಅಂತ ನನ್ನನ್ನೇ ಕರೆದಿದ್ದಾರೆ. ಈ ವರ್ಷ ಇರೋದು ಒಂದೇ ಜಾಗವಂತೆ.” ಮೇಷ್ಟ್ರು ಕನ್ನಡಕ ತೆಗೆದು ಕಿಟಕಿಯಾಚೆ ನೋಡಿದರು. “ಆ ಹಕ್ಕಿ ಮೇಲೆ ನನಗಿಷ್ಟು ಆಸೆ ಇದೆ ಅಂತ ನನಗೇ ಗೊತ್ತಿರಲಿಲ್ಲ ನೋಡು.”

ಹೂವೇನೋ ಸ್ವರ್ಗಕ್ಕೆ ಹೊರಟಿತು, ನಾರು ಇಲ್ಲೇ ಉಳಿಯಿತು. ಗುಬ್ಬಿ ಬಾಗಿಲ ಕಡೆ ತಿರುಗಿದಳು.

“ಹಾಂ, ಬರ್ತೀನಿ ಅಂತ ಅವರಿಗೆ ಒಪ್ಪಿಗೆ ಕಳಿಸ್ಬೇಕು. ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ.”

ಅವಳು ಮತ್ತೆ ಬೀರುವಿನ ಮುಂದೆ ಕೂತಳು. ದ್ವೀಪಕ್ಕೆ ಹೊರಟವರ ಸಂತೋಷವನ್ನು ಬರೆಯಲು ಈ ಸಲ ಅಜ್ಜನೂ ಬೇಕಾಗಲಿಲ್ಲ, ಅಕ್ಕನೂ ಬೇಕಾಗಲಿಲ್ಲ.