‘ಎಷ್ಟು ತಿಂಗಳು?’ ಅನ್ನುವುದಕ್ಕೆ ಮಾಡಿಸಿದ ಆಪರೇಷನ್

ಹೊಟ್ಟೆ ನನ್ನದು, ಆದರೆ ಅದರ ಬಗ್ಗೆ ಮಾತಾಡುವ ಹಕ್ಕು ಊರಿನವರದು. ಇದನ್ನು ಒಪ್ಪಿಕೊಂಡರೆ ನನ್ನ ಬದುಕಿನಲ್ಲಿ ಇಂಥ ಪ್ರಸಂಗಗಳು ಯಾಕೆ ನಡೆಯುತ್ತಲೇ ಇರುತ್ತವೆ ಅನ್ನುವುದು ನಿಮಗೆ ತಾನಾಗಿ ಅರ್ಥವಾಗುತ್ತದೆ.

ಮಗಳು ಸಿಸೇರಿಯನ್‌ನಲ್ಲಿ ಹುಟ್ಟಿ ಒಂಬತ್ತು ವರ್ಷವಾಯಿತು. ಅವಳು ಹೊರಗೆ ಬಂದಳು, ಹೊಟ್ಟೆ ಒಳಗೆ ಹೋಗಲಿಲ್ಲ. ಹಲಸೂರು ಕೆರೆ ಸುತ್ತ ವಾಕಿಂಗ್ ಮಾಡಿದೆ, ಅನ್ನ ಬಿಟ್ಟೆ, ಜೀರಿಗೆ ನೀರು ಕುಡಿದೆ. ಕೈಕಾಲು ಸಣ್ಣಗಾದವು, ಕೆನ್ನೆ ಬತ್ತಿತು. ಹೊಟ್ಟೆಯ ಚರ್ಮ ಮಾತ್ರ ಸಾಮಾನು ತೆಗೆದ ಚೀಲದ ಹಾಗೆ ಜೋತು ಬಿದ್ದೇ ಇತ್ತು. ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ತಿಂಗಳು?’ ಮದುವೆ ಮನೆಯಲ್ಲಿ ಕೇಳಿದರು, ಲಿಫ್ಟಿನಲ್ಲಿ ಕೇಳಿದರು, ಒಮ್ಮೆ ತರಕಾರಿಯವನು ಕೇಳಿ ಎರಡು ಮಾವಿನಕಾಯಿ ಹೆಚ್ಚಿಗೆ ಹಾಕಿದ. ನಾನು ಸುಂದರಿಯಾಗಬೇಕು ಅಂತ ಯಾವತ್ತೂ ಆಸೆ ಪಟ್ಟವಳಲ್ಲ. ಆ ಪ್ರಶ್ನೆ ನಿಲ್ಲಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಆರನೆಯ ತಿಂಗಳು

ನನ್ನ ಕೆಲಸ ದೊಡ್ಡನೆಕ್ಕುಂದಿಯ ಒಂದು ಆಫೀಸಿನಲ್ಲಿ. ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು. ಒಂದು ಬೆಳಿಗ್ಗೆ ಹೆಂಗಸರ ಕೋಚಿನಲ್ಲಿ ನಿಂತಿದ್ದಾಗ ಕನ್ನಡಕದ ಹೆಂಗಸೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಬೇಡ ಅನ್ನಬಹುದಿತ್ತು. ಆದರೆ ಅವತ್ತು ಮಗಳ ಪ್ರಾಜೆಕ್ಟು, ಅತ್ತೆಯ ಫೋನು, ಉಕ್ಕಿ ಹೋದ ಹಾಲು ಎಲ್ಲ ಮುಗಿಸಿ ಬಂದಿದ್ದೆ. ಕೂತುಬಿಟ್ಟೆ.

“ಎಷ್ಟು ತಿಂಗಳು?” ಅಂದರು.

ಕೂತ ಮೇಲೆ ಏನೂ ಇಲ್ಲ ಅನ್ನುವುದು ಹೇಗೆ? “ಆರು” ಅಂದೆ.

ಅದೇ ತಪ್ಪಾಯಿತು. ಅವರೂ ದಿನಾ ಅದೇ ರೈಲಿಗೆ ಬರುವವರು. ನೋಡಿದ ಕೂಡಲೇ ನನಗೆ ಜಾಗ ಹಿಡಿಯುವುದು, ಕೇಸರಿ ತಿನ್ನಿ, ಎಡಮಗ್ಗುಲಿಗೆ ಮಲಗಿ ಅಂತ ಬುದ್ಧಿ ಹೇಳುವುದು ಶುರುವಾಯಿತು. ತಿಂಗಳು ಕಳೆದ ಮೇಲೆ ಏಳು ಅನ್ನಬೇಕಾಯಿತು, ಆಮೇಲೆ ಎಂಟು. ಇನ್ನೂ ಹೊಟ್ಟೆ ಅಷ್ಟೇ ಇದೆಯಲ್ಲ, ಸ್ಕ್ಯಾನಿಂಗ್ ಮಾಡಿಸಿದಿರಾ ಅಂತ ಅವರು ಆತಂಕ ಪಡತೊಡಗಿದರು. ಒಂಬತ್ತು ವರ್ಷದಲ್ಲಿ ನನ್ನ ಹೊಟ್ಟೆ ಸಾಲದು ಅಂದವರು ಅವರೊಬ್ಬರೇ. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ನಾನು ಕೋಚ್ ಬದಲಾಯಿಸಿ ಗಂಡಸರ ನಡುವೆ ನಿಂತುಕೊಂಡು ಹೋಗತೊಡಗಿದೆ.

ಆಮೇಲೂ ಉಪಯೋಗಕ್ಕೆ ಬರುತ್ತೆ

ಎಂಟನೆಯ ತಿಂಗಳು ನಡೆಯುತ್ತಿದ್ದಾಗ, ಅಂದರೆ ರೈಲಿನ ಪ್ರಕಾರ, ತಂಗಿಯ ಮದುವೆಗೆ ಬಟ್ಟೆ ತರಲು ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ಸೇಲ್ಸ್‌ಮನ್ ನನ್ನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿ, ನಾನು ಬಾಯಿ ಬಿಡುವ ಮೊದಲೇ ಒಳಗಿನಿಂದ ಐದಾರು ಕುರ್ತಾ ತಂದು ಹರಡಿದ. ಎಲ್ಲದಕ್ಕೂ ಎದೆಯ ಹತ್ತಿರ ಕಾಣದ ಹಾಗೆ ಎರಡು ಜಿಪ್ಪು.

ಇದೇನಪ್ಪ ಅಂದೆ. ಆತ ಬಹಳ ಮರ್ಯಾದಸ್ಥ. ದನಿ ತಗ್ಗಿಸಿ, “ಈಗ್ಲೂ ಲೂಸ್ ಇರುತ್ತೆ ಮೇಡಂ, ಆಮೇಲೆ ಹಾಲು ಕುಡಿಸೋಕೂ ಉಪಯೋಗಕ್ಕೆ ಬರುತ್ತೆ” ಅಂದ.

ಪಕ್ಕದಲ್ಲಿದ್ದ ನನ್ನ ಮಗಳು, ಒಂಬತ್ತು ವರ್ಷದವಳು, ಗಟ್ಟಿಯಾಗಿ ನಕ್ಕಳು. ಯಜಮಾನರು ಛಾವಣಿಯ ಫ್ಯಾನು ನೋಡುತ್ತಾ ನಿಂತರು. ಮದುವೆಯಾದಾಗಿನಿಂದ ಅವರು ನನ್ನ ಪರವಾಗಿ ಮಾತಾಡಬೇಕಾದಾಗಲೆಲ್ಲ ಯಾವುದಾದರೂ ಒಂದು ಫ್ಯಾನು ತಿರುಗುತ್ತಿರುತ್ತದೆ. ನನಗೆ ಅಳು ಬಂತು, ಅದನ್ನು ನುಂಗಿಕೊಂಡೆ. ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂತ ನಿರ್ಧರಿಸಿದ್ದು ಆ ಅಂಗಡಿಯ ಮೆಟ್ಟಿಲಿಳಿಯುವಾಗ. ನಾವು ಇಳಿಯುವಾಗ ಸೇಲ್ಸ್‌ಮನ್ ಓಡಿ ಬಂದು, ಮೇಡಂ ಕೈ ಹಿಡ್ಕೊಳ್ಳಿ ಸಾರ್ ಅಂತ ಯಜಮಾನರಿಗೆ ಹೇಳಿ ಹೋದ.

ಅಷ್ಟೇನಾ?

ಇಂದಿರಾನಗರದಲ್ಲಿ ಹಳೇ ಬಂಗಲೆಯೊಂದರಲ್ಲಿ ಕ್ಲಿನಿಕ್ಕು. ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ಇದು ತೂಕ ಇಳಿಸುವ ಆಪರೇಷನ್ ಅಲ್ಲ ಅಂದರು. ಸಡಿಲವಾದ ಚರ್ಮ ಕತ್ತರಿಸಿ, ಒಳಗಿನ ಸ್ನಾಯು ಬಿಗಿದು ಹೊಲಿಯುತ್ತೇವೆ. ಈ ಸೊಂಟದಿಂದ ಆ ಸೊಂಟದವರೆಗೆ ಕಲೆ ಉಳಿಯುತ್ತದೆ. ಹೊಕ್ಕುಳನ್ನು ಹೊಸ ಜಾಗದಲ್ಲಿ ಕೂರಿಸಬೇಕಾಗುತ್ತದೆ. ಮೊದಲು ಊತ ಬರುತ್ತದೆ, ಕೆಳಹೊಟ್ಟೆಗೆ ಕೆಲವು ತಿಂಗಳು ಸ್ಪರ್ಶ ಗೊತ್ತಾಗದೆ ಇರಬಹುದು. ಸರಿಯಾದ ಆಕಾರ ಕಾಣಲು ಆರು ತಿಂಗಳು, ಒಂದೊಂದು ಸಲ ವರ್ಷ. ಮತ್ತೆ ಬಸಿರಾದರೆ ಎಲ್ಲಾ ಹಾಳು.

ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಆದರೆ ಕಣ್ಣಿದ್ದದ್ದು ಅವರ ಮೇಜಿನ ಮೇಲಿನ ಆಲ್ಬಮ್ಮಿನ ಮೇಲೆ. ಎಡಗಡೆ ಮೊದಲಿನ ಹೊಟ್ಟೆ, ಬಲಗಡೆ ಆಮೇಲಿನ ಹೊಟ್ಟೆ. ಗುರುತು ಸಿಗಬಾರದು ಅಂತ ಯಾರಿಗೂ ತಲೆಯಿಲ್ಲ. ನನ್ನದನ್ನೂ ಹಾಗೇ ಕತ್ತಿನಿಂದ ಕೆಳಕ್ಕೆ ತೆಗೆದುಕೊಂಡರು.

ಯಜಮಾನರು ಕೇಳಿದ ಪ್ರಶ್ನೆ ಒಂದೇ: ತೆಗೆದದ್ದು ಎಷ್ಟು ತೂಕ ಬರುತ್ತೆ? ಡಾಕ್ಟರು ಆಮೇಲೆ ಹೇಳ್ತೀನಿ ಅಂದರು. ಆಪರೇಷನ್ ಮುಗಿದು ನನಗೆ ಎಚ್ಚರವಾಗುತ್ತಿದ್ದಾಗ ಡಾಕ್ಟರು ಬಂದು, ಎಲ್ಲಾ ಚೆನ್ನಾಗಿ ಆಯಿತು, ಒಂದು ಕೆಜಿ ಎಂಟುನೂರು ಗ್ರಾಂ ಅಂದದ್ದು ಕೇಳಿಸಿತು. ನನಗೋಸ್ಕರ ಗಂಡ ಕಣ್ಣೀರು ಹಾಕಿರಬಹುದು ಅಂದುಕೊಂಡು ಕಷ್ಟಪಟ್ಟು ಕಣ್ಣು ತೆರೆದೆ.

ಅವರು “ಅಷ್ಟೇನಾ?” ಅಂದರು.

ಬಾಣಂತಿ

ಮನೆಗೆ ಬಂದಾಗ ನನಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಹೊಲಿಗೆ ಎಳೆಯುತ್ತದೆಂದು ಸೊಂಟ ಬಗ್ಗಿಸಿ ಗೋಡೆ ಹಿಡಿದು ನಡೆಯಬೇಕು. ಕೆಮ್ಮಿದರೆ ಪ್ರಾಣ ಹೋಗುತ್ತದೆ, ಅದಕ್ಕೆ ಶೀತ ಆಗಬಾರದೆಂದು ಕಿವಿಗೆ ಸ್ಕಾರ್ಫ್. ಹೊಟ್ಟೆಗೆ ಹಗಲೂ ರಾತ್ರಿ ಬಿಗಿಯಾದ ಬೆಲ್ಟು. ಮಲಬದ್ಧತೆ ಆಗಬಾರದೆಂದು ಮೆತ್ತನೆಯ ಊಟ. ಊತದಿಂದ ಹೊಟ್ಟೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಆಫೀಸಿನಲ್ಲಿ ಸಣ್ಣ ಆಪರೇಷನ್ ಅಂತ ಹೇಳಿದ್ದೆ, ಗಲ್ಲಿಯಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ.

ನಮ್ಮ ಮನೆ ಶಿವಾಜಿನಗರದ ಕಡೆಯಿಂದ ಹಲಸೂರಿಗೆ ಬರುವ ಒಂದು ಸಣ್ಣ ಗಲ್ಲಿಯಲ್ಲಿ. ಮೇಲಿನ ಮನೆಯಲ್ಲಿ ಓನರಮ್ಮ ಇರುತ್ತಾರೆ. ಎಪ್ಪತ್ತರ ಹತ್ತಿರದವರು, ಗಲ್ಲಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನಾಲ್ಕನೆಯ ದಿನ ಅವರು ಬಾಗಿಲು ತಳ್ಳಿಕೊಂಡು ಬಂದರು. ಕಿವಿಗೆ ಬಟ್ಟೆ, ಹೊಟ್ಟೆಗೆ ಕಟ್ಟು, ಬಗ್ಗಿದ ಸೊಂಟ, ಮೆತ್ತನೆಯ ಅನ್ನ. ನೋಡಿದರು. ಮನೆಯೊಳಗೆ ಸುತ್ತ ನೋಡಿದರು. ತೊಟ್ಟಿಲು ಇರಲಿಲ್ಲ. ಅವರ ಕಣ್ಣು ತುಂಬಿ ಬಂತು. ಏನೂ ಕೇಳದೆ ಹೊರಟುಹೋದರು.

ಸಂಜೆ ಮೆಂತ್ಯ, ಬೆಲ್ಲ, ತುಪ್ಪ ಹಾಕಿ ಬೇಯಿಸಿದ್ದೊಂದು ಬಟ್ಟಲು ತುಂಬ ಬಂತು. ಜೊತೆಗೆ ಗಲ್ಲಿಯ ನಾಲ್ಕು ಹೆಂಗಸರೂ ಬಂದು, ನೆಲ ನೋಡುತ್ತಾ ಕೂತು, ನಿಟ್ಟುಸಿರಿಟ್ಟು ಎದ್ದುಹೋದರು. ನನಗೆ ಆಗ ಅರ್ಥವಾಯಿತು. ನನ್ನ ಮಗು ಸತ್ತಿತ್ತು.

ಇನ್ನು ಸುಮ್ಮನಿದ್ದರೆ ಕೆಟ್ಟೆ ಅಂದುಕೊಂಡು ಮರುದಿನ ಖಾಲಾ ಅವರನ್ನು ಕೂರಿಸಿಕೊಂಡು ನಿಜ ಹೇಳಿದೆ. ಒಳಗೆ ಏನೂ ಇರಲಿಲ್ಲ ಖಾಲಾ, ಬರೀ ಚರ್ಮ, ಚೆನ್ನಾಗಿ ಕಾಣಲ್ಲ ಅಂತ ನಾನೇ ದುಡಿದ ದುಡ್ಡಲ್ಲಿ ಕತ್ತರಿಸಿ ತೆಗೆಸಿದೆ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಅವರು ನನ್ನ ಕೈ ಸವರುತ್ತಾ ಕೊನೆಯವರೆಗೂ ಕೇಳಿದರು.

“ರೋನಾ ನಕ್ಕೋ ಬೇಟಿ, ಅಳಬೇಡ” ಅಂದರು. “ನಂಗೂ ಎರಡು ಹೋಗಿದ್ವು. ಮೊದ್ಲು ಹದಿನೈದು ದಿನ ನಾನೂ ಹಿಂಗೇ ಏನೇನೋ ಹೇಳ್ತಿದ್ದೆ.”

ತಾಯಿತ

ಗಲ್ಲಿಯವರಿಗೆ ನೀವಾದರೂ ನಿಜ ಹೇಳಿ ಅಂತ ಯಜಮಾನರಿಗೆ ಅಂದೆ. ಅವರು ಬೀದಿಗೆ ಹೋದರೆ ಟೀ ಅಂಗಡಿಯವರು ಭುಜ ತಟ್ಟಿ ಟೀ ಕೊಡುತ್ತಿದ್ದರು. ಖಾಲಾ ಮಗ ಶುಕ್ರವಾರ ಬಿರಿಯಾನಿ ಕಳಿಸುತ್ತಿದ್ದ. “ಹೆಂಗೆ ಹೇಳ್ಲಿ? ಸುಮ್ನೆ ತಲೆ ಬಗ್ಗಿಸ್ತೀನಿ ಅಷ್ಟೇ” ಅಂದರು. ಬಗ್ಗಿಸಿದ ತಲೆ ಅವರಿಗೆ ಚೆನ್ನಾಗಿ ಒಪ್ಪಿತು. ಒಂದೂವರೆ ತಿಂಗಳಲ್ಲಿ ಎರಡು ಕೆಜಿ ದಪ್ಪವಾದರು. ನನ್ನಿಂದ ತೆಗೆದದ್ದಕ್ಕಿಂತ ಇನ್ನೂರು ಗ್ರಾಂ ಹೆಚ್ಚು.

ಮೂರನೆಯ ತಿಂಗಳು ಊತ ಇಳಿಯತೊಡಗಿತು. ಆಗ ಖಾಲಾ ಒಂದು ಕಪ್ಪು ದಾರದ ತಾಯಿತ ತಂದರು. ಮುಂದಿನ ಸಲ ನಿಲ್ಲುತ್ತೆ, ಗಂಡಾಗುತ್ತೆ ಅಂದರು. ನನಗೆ ಮೈಯೆಲ್ಲ ಉರಿಯಿತು. ನಿಂತರೆ ಆಪರೇಷನ್ನೇ ಹಾಳು ಅಂತ ಕೂಗಬೇಕು ಅನ್ನಿಸಿತು. ಆದರೆ ಅವರು ದಾರವನ್ನು ನನ್ನ ಸೊಂಟಕ್ಕೆ ಕಟ್ಟಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಒಂಬತ್ತು ವರ್ಷದಲ್ಲಿ ಆ ಹೊಟ್ಟೆಯನ್ನು ಯಾರೂ ಪ್ರೀತಿಯಿಂದ ಮುಟ್ಟಿರಲಿಲ್ಲ. ನಾನೂ ಮುಟ್ಟಿರಲಿಲ್ಲ. ಅದಕ್ಕೇ ಸುಮ್ಮನೆ ನಿಂತೆ.

ಡಾಕ್ಟರು ಮೊದಲೇ ಹೇಳಿದ್ದರಲ್ಲ, ಕೆಳಹೊಟ್ಟೆಗೆ ಸ್ಪರ್ಶ ಇರಲಿಲ್ಲ. ಖಾಲಾ ಕೈ ಇಟ್ಟದ್ದು ನನಗೆ ಕಂಡಿತು, ತಿಳಿಯಲಿಲ್ಲ.

ರಿಸಲ್ಟು

ಆಪರೇಷನ್ ಆಗಿ ಆರು ತಿಂಗಳಿಗೆ ಸರಿಯಾಗಿ ಕ್ಲಿನಿಕ್ಕಿಗೆ ಹೋದೆ. ಬಲಗಡೆಯ ಫೋಟೋ ತೆಗೆಯುವ ದಿನ ಅದು. ನರ್ಸು ತಾಯಿತ ನೋಡಿ, ಫೋಟೋಗೆ ಅಡ್ಡ ಬರುತ್ತೆ ಬಿಚ್ಚಿ ಅಂದಳು. ಬಿಚ್ಚಲು ಮನಸ್ಸಾಗದೆ ದಾರ ಕೆಳಗಿಳಿಸಿ ತಾಯಿತವನ್ನು ಬೆನ್ನ ಹಿಂದೆ ಸರಿಸಿಕೊಂಡೆ. ಡಾಕ್ಟರು ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ನನ್ನ ಮೊಬೈಲಿಗೆ ಕಳಿಸಿ, ಏನಮ್ಮಾ, ಅಂದುಕೊಂಡ ಹಾಗೆ ಬಂದಿದೆಯಾ ಅಂತ ಕೇಳಿದರು. ಬಂದಿತ್ತು. ಹೊಟ್ಟೆ ಚಪ್ಪಟೆಯಾಗಿತ್ತು. ಸಂತೋಷ ಆಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಇಂದಿರಾನಗರದಲ್ಲಿ ಮೆಟ್ರೋ ಹತ್ತಿದೆ. ಹಲಸೂರು ಮುಂದಿನ ಸ್ಟೇಷನ್ನೇ. ಇನ್ನು ಹೆದರಿಕೆ ಏನು ಅಂತ ಧೈರ್ಯವಾಗಿ ಹೆಂಗಸರ ಕೋಚಿಗೇ ಹೋದೆ. ಯಾರೂ ಏಳಲಿಲ್ಲ, ಯಾರೂ ನೋಡಲಿಲ್ಲ. ಕಂಬ ಹಿಡಿದು ರಾಣಿಯ ಹಾಗೆ ನಿಂತೆ.

“ಅಯ್ಯೋ, ನೀವಾ!”

ಕನ್ನಡಕದವರು. ಜನರನ್ನು ಸರಿಸಿಕೊಂಡು ಬಂದೇಬಿಟ್ಟರು. ಎಷ್ಟು ಹುಡುಕಿದೆ, ಏನಾಯಿತೋ ಅಂತ ಎಷ್ಟು ಗಾಬರಿಯಾಗಿತ್ತು ಅಂತ ನನ್ನ ಕೈ ಹಿಡಿದುಕೊಂಡರು. ಹೊಟ್ಟೆ ನೋಡಿ, ಎಷ್ಟು ಚೆನ್ನಾಗಿ ಇಳಿದಿದೆ, ಬಾಣಂತನದಲ್ಲಿ ಬಟ್ಟೆ ಸರಿಯಾಗಿ ಕಟ್ಟಿಸಿಕೊಂಡಿದ್ದೀರಿ ಅಂದರು. ಗಂಡೋ ಹೆಣ್ಣೋ ಅಂತ ಕೇಳಿದರು. ಹೆಣ್ಣು ಅಂದೆ. ನನಗಿರುವುದು ಹೆಣ್ಣೇ ತಾನೇ.

“ಹುಟ್ಟಿದಾಗ ಎಷ್ಟಿತ್ತು ತೂಕ?”

ಮಗಳದು ಎಷ್ಟಿತ್ತೋ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ತಲೆಯಲ್ಲಿದ್ದದ್ದು ಒಂದೇ ತೂಕ. “ಒಂದು ಕೆಜಿ ಎಂಟುನೂರು” ಅಂದೆ.

“ಅಷ್ಟೇನಾ?” ಅಂದರು, ಥೇಟ್ ನಮ್ಮ ಯಜಮಾನರ ಹಾಗೆ. ಆದರೆ ಇವರ ಕಣ್ಣಲ್ಲಿ ನೀರಿತ್ತು. ಪಾಪ, ಈಗ ಚೆನ್ನಾಗಿದೆಯಾ, ಫೋಟೋ ತೋರಿಸಿ ಅಂತ ನನ್ನ ಮೊಬೈಲಿನ ಕಡೆ ಬಗ್ಗಿದರು. ಪರದೆಯ ಮೇಲೆ ಕ್ಲಿನಿಕ್ಕಿನವರು ಕಳಿಸಿದ್ದು ಇನ್ನೂ ತೆರೆದೇ ಇತ್ತು. ಫೋಟೋ ಏನೋ ಚೆನ್ನಾಗಿತ್ತು, ತಲೆ ಇರಲಿಲ್ಲ. ಅವಸರದಲ್ಲಿ ಮೊಬೈಲನ್ನು ಬ್ಯಾಗಿಗೆ ತುರುಕಿದೆ.

ಅಷ್ಟರಲ್ಲಿ ಹಲಸೂರು ಬಂತು. ಬಾಗಿಲು ತೆರೆಯಿತು, ಬದುಕಿದೆ ಅಂದುಕೊಂಡು ಇಳಿದೆ. ಹಿಂದಿನಿಂದ ಅವರು ಕೋಚಿಗೆಲ್ಲ ಕೇಳುವ ಹಾಗೆ ಕೂಗಿ ಕೇಳಿದರು.

“ಈಗ ಎಷ್ಟು ತಿಂಗಳು?”

ತಿರುಗಿ ನೋಡಿದೆ. ಕೋಚಿನ ಹೆಂಗಸರೆಲ್ಲ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಬಾಗಿಲು ಮುಚ್ಚುವ ಮೊದಲು ಹೇಳಿದೆ.

“ಆರು.”

ಈ ಸಲ ಮಾತ್ರ ಸುಳ್ಳಲ್ಲ.