ಪಾಪದ ಸಂದಿಯಲ್ಲಿ ಕಾಕಿಯ ಒಡಪು

ನಮ್ಮ ಓಣಿಯವರು ಗುಂಪು ಕಟ್ಟಿಕೊಂಡು ಹೊರಟರೆ, ಯಾರಾದರೊಬ್ಬರು ಎಲ್ಲಾದರೊಂದು ಕಡೆ ಸಿಗಬೀಳದೆ ಮನೆ ಮುಟ್ಟಿದ್ದೇ ಇಲ್ಲ. ದುಮ್ಮವಾಡದ ಆಚೆ ಗುಡ್ಡದಲ್ಲಿ ಬಂಡೆ ಸೀಳಿ ಒಂದು ಸಂದಿಯಾಗಿದೆ, ಅಡ್ಡಡ್ಡ ನಡೆದರಷ್ಟೇ ದಾಟಬಹುದು, ಪಾಪ ಮಾಡಿದವರು ಅದರೊಳಗೆ ಸಿಕ್ಕೊಳ್ತಾರೆ ಎಂದು ನನಗೆ ಮೊದಲು ಹೇಳಿದವಳು ನಮ್ಮ ಕಾಕಿ. ಲಿಂಗಪೂಜೆ ಆಗದೆ ನೀರು ಸೈತ ಮುಟ್ಟದವಳು. "ನನಗೇನ್ ಅಂಜಿಕಿ? ನಿಮ್ಮದು ನೀವು ನೋಡ್ಕೋರಿ," ಅಂದಿದ್ದಳು. ಎಪ್ಪತ್ತರ ದಶಕದ ಒಂದು ಚಳಿಗಾಲ ಕುಂದಗೋಳದಿಂದ ಐದು ಜೋಡಿ ಗಂಡ-ಹೆಂಡಿರು ಅಲ್ಲಿಗೆ ಹೊರಟೆವು. ನಾನೂ ನನ್ನವರೂ ಹೊಸದಾಗಿ ಮದುವೆಯಾದವರು.

ಬುತ್ತಿ

ಎಲ್ಲರ ಬುತ್ತಿಯೂ ಒಂದೇ ಗಂಟಿಗೆ ಬೀಳಬೇಕೆಂದು ಕಾಕಿಯೇ ಕಾನೂನು ಮಾಡಿದಳು. "ಹಂಚಿ ತಿಂದ್ರ ಪುಣ್ಯ, ಮುಚ್ಚಿ ತಿಂದ್ರ ಪಾಪ. ತಗೀರಿ ಎಲ್ಲಾ ಹೊರಗ!"

ಬಾಜು ಮನೆಯಾಕಿ ಗಂಡನಿಗೆಂದು ಸೆರಗಿನಲ್ಲಿ ಬಚ್ಚಿಟ್ಟಿದ್ದ ಉಳ್ಳಾಗಡ್ಡಿಯನ್ನೂ ಬಿಡಲಿಲ್ಲ.

"ಉಳ್ಳಾಗಡ್ಡಿಗೂ ಪಾಪ ಹತ್ತತೈತೇನ್ರಿ ಕಾಕಿ?"

"ವಾಸನಿ ಹತ್ತತೈತಿ, ಪಾಪ ಹತ್ತೂದಿಲ್ಲೇನು?"

ಆಡು

ಸಂದಿಗೆ ಗಂಡಸರು ಮೊದಲು ಹೊಕ್ಕರು. ಮುಂದಿದ್ದವರು ನಮ್ಮ ಓಣಿಯ ಸಾವಕಾರರು, ಎದುರಿಗೆ ಚಕ್ಕಡಿ ಬಂದರೆ ಸಂತಿ ಮುಗಿದು ಹೋದರೂ ದಾರಿ ಬಿಡದ ಮನುಷ್ಯ. ನಟ್ಟನಡುವೆ ಒಂದು ಆಡು ಎದುರಾಯಿತು.

"ಯಾರಲೇ ಅಲ್ಲಿ? ಆಡು ಹಿಂದ ತಗೋ!"

ಆಚೆಯಿಂದ ಆಡು ಕಾಯುವವನ ದನಿ: "ಅದಕ್ಕ ಹಿಂದ ಸರಿಯೂದು ಗೊತ್ತಿಲ್ರಿ. ನಿಮಗ ಗೊತ್ತಿದ್ರ ನೀವ ಸರೀರಿ!"

ಐವರು ಗಂಡಸರೂ ಅಡ್ಡಡ್ಡವೇ ಹಿಂದೆ ಸರಿದು ಹೊರಬಂದರು. ಹಿಂದೆಯೇ ಆಡು, ಬೀಗರು ಎದುರುಗೊಳ್ಳಲು ನಿಂತಿದ್ದಾರೇನೋ ಎಂಬಂತೆ ನಮ್ಮನ್ನೆಲ್ಲ ನೋಡುತ್ತ.

ಒಡಪು

ಗಂಡಸರು ಮತ್ತೆ ಹೊಕ್ಕು, ದಾಟಿ, ಆಚೆ ಎಲಿ-ಅಡಿಕಿಗೆ ಕುಳಿತ ಮೇಲೆ ನಮ್ಮ ಸರದಿ. ಮುಂದೆ ಕಾಕಿ, ಹಿಂದೆ ನಾನು. ಅರ್ಧ ದಾರಿಗೆ ಕಾಕಿ ನಿಂತಳು. ಮುಂದೂ ಇಲ್ಲ, ಹಿಂದೂ ಇಲ್ಲ.

"ಸಿಕ್ಕೊಂಡ್ರೇನ್ರಿ ಕಾಕಿ?"

"ಬಾಯಿ ಮುಚ್ಚ! ಊರಾಗ ಗೊತ್ತಾದ್ರ ನಾನು ಹ್ಯಾಂಗ ತಲಿ ಎತ್ತಲಿ?" ಎಂದವಳೇ ಕೂಗಿದಳು: "ರೀ!"

ಬಂಡೆಯೊಳಗೆ ಎಲ್ಲರ ದನಿಯೂ ಒಂದೇ. ಐವರು ಗಂಡಂದಿರೂ ತಮ್ಮ ಹೆಂಡತಿಯೇ ಕರೆದಳೆಂದು ಆಚೆಯಿಂದ ನುಗ್ಗಿ ಬಂದರು. ಮುಂದೆ ಮತ್ತೆ ಸಾವಕಾರರು. ಪರಗಂಡಸು ಕೈ ಹಿಡಿದು ಎಳೆಯುವಂತಿಲ್ಲ.

"ಯಾರ ಗಂಡ ಬೇಕಾಗ್ಯಾನವಾ? ಹೆಸರು ಹೇಳು, ಅವನ್ನ ಮುಂದ ಬಿಡ್ತೀವಿ."

ನಾನು "ಕಾಕಾ" ಎಂದೆ. ನಾಲ್ವರು "ಓ" ಎಂದರು; ಓಣಿಯ ಹಿರಿಯರೆಲ್ಲ ನನಗೆ ಕಾಕಾನೇ. ಕಾಕಿಯೋ, ಮದುವೆಯಾದಾಗಿನಿಂದ ಗಂಡನ ಹೆಸರನ್ನು ಪ್ರಾಸ ಕೂಡಿಸಿ ಒಡಪು ಕಟ್ಟದೆ ಬಾಯಿಗೆ ತಂದವಳಲ್ಲ. ಕಡೆಗೆ ಬಂಡೆಗೆ ಗಲ್ಲ ಒತ್ತಿಕೊಂಡೇ ಶುರುಮಾಡಿದಳು. ಹಿರಿಯರ ಹೆಸರು ನಾನು ಹೇಳುವಂತಿಲ್ಲ, ಅದರ ಜಾಗದಲ್ಲಿ 'ಇಂಥವರು' ಎಂದು ಹಾಕಿದ್ದೇನೆ:

"ಕರಿ ಕಲ್ಲಿನ ಸಂದ್ಯಾಗ ಬೆಳಕಿಲ್ಲ, ಗಾಳಿಲ್ಲ,
ಇಂಥವರು ಕೈ ಹಿಡೀದಿದ್ರ ನನಗ ಗತಿ ಇಲ್ಲ!"

"ಭಪ್ಪರೇ! ಇನ್ನೊಮ್ಮೆ!" ಕತ್ತಲೊಳಗಿಂದ ಗಂಡಸರು.

ಗಂಡಸರೆಲ್ಲ ಹೊರಗೆ ಹೋಗಿ, ಕಾಕಾನನ್ನು ಮುಂದೆ ಮಾಡಿಕೊಂಡು ಬಂದರು. ಕಾಕಾ ಜಗ್ಗಿದರು. ಪರ್ ಎಂದಿತು. ಕಾಕಿ ಬಿಡುಗಡೆಯಾದಳು, ನಡುವಿಗೆ ಕಟ್ಟಿಕೊಂಡಿದ್ದ ಗಂಟು ಹರಿದು, ಕಾಕಾನಿಗೆಂದೇ ಮುಚ್ಚಿ ತಂದಿದ್ದ ಬೇಸನ್ ಉಂಡಿಗಳು ಪುಡಿಪುಡಿಯಾಗಿ ಉದುರಿದವು.

ನನ್ನ ಹಿಂದಿನಿಂದ ಬಾಜು ಮನೆಯಾಕಿ ಮೆಲ್ಲಗೆ ಸಮಾಧಾನ ಹೇಳಿದಳು: "ಇರಲಿ ಬಿಡ್ರಿ ಕಾಕಿ. ಉಂಡಿಗೆ ವಾಸನಿ ಇರೂದಿಲ್ಲ."

ಹೊರಗೆ ಬಂದು ಸೆರಗು ಸರಿಮಾಡಿಕೊಳ್ಳುತ್ತ ಕಾಕಿ ನನಗೆ ತಾಕೀತು ಮಾಡಿದಳು: "ಒಡಪು ಚಲೋ ಆಗೈತಿ, ನಾಕು ಮಂದಿಗೆ ಹೇಳು." ನಾನು ಹೇಳಿದ್ದೇನೆ. ನೀವೂ ಮುಂದಿನವರಿಗೆ ಹೇಳ್ರಿ. ಉಂಡಿ ಸುದ್ದಿ ಮಾತ್ರ ಬ್ಯಾಡ್ರಿ.