ಗೇಣುದ್ದದ ದಿಲ್ಲಿ

ಇಳಕಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ನಮ್ಮೂರಲ್ಲಿ ವಿಮಾನ ಇಳಿಯುವುದಿಲ್ಲ. ಹಾಗಾಗಿ ವಿಮಾನದ ವಿಚಾರಣೆಗೆ ಹೊರಟವರೆಲ್ಲ ನನ್ನ ಕಟ್ಟೆಯ ಮೇಲೆಯೇ ಇಳಿಯುತ್ತಾರೆ. ನಗದೆ ಕಳೆದ ವಾರವೇ ಇಲ್ಲ. ಆದರೆ ಮೊಬೈಲು ಎಲ್ಲರ ಜೇಬಿಗೆ ಬಾರದ ಕಾಲದಲ್ಲಿ ನಮ್ಮ ಓಣಿಯ ನೇಕಾರರೊಬ್ಬರು ದಿಲ್ಲಿಗೆ ಹಾರಿದ್ದನ್ನು ನೆನೆದರೆ ಈಗಲೂ ಚಹಾ ಮೂಗಿಗೇರುತ್ತದೆ.

೧. ನಕಾಶೆ

ಅವರ ಅಳಿಯ ದಿಲ್ಲಿಯಲ್ಲಿ ಮಿಲಿಟರಿಯವ. ಗುರುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಅಪ್ಪ ನೇಯ್ದ ಸೀರೆ ಉಟ್ಟೇ ತೊಟ್ಟಿಲು ತೂಗುವೆನೆಂದು ಮಗಳ ಹಟ. ಸೀರೆ ಮಗ್ಗದಿಂದ ಇಳಿಯುವುದೇ ಮಂಗಳವಾರ. ರೈಲು ಹಿಡಿದರೆ ಮುಟ್ಟುವಂತಿಲ್ಲ.

“ಮಾಸ್ತರ್ರ, ವಿಮಾನಕ್ಕ ದಿಲ್ಲಿ ಎಷ್ಟು ದೂರ ಆಕ್ಕೈತ್ರಿ?”

ಗೋಡೆಯ ನಕಾಶೆಗೆ ಸ್ಕೇಲು ಹಚ್ಚಿ, “ನೆಟ್ಟಗ ಹೋದ್ರ ಸಾವಿರದ ನಾಲ್ಕುನೂರು ಕಿಲೋಮೀಟರ. ವಿಮಾನ ಸುತ್ತು ಹಾಕಿ ಹೋಗತೈತಿ, ಹಾರೂದು ಮೂರೂವರಿ ತಾಸು” ಎಂದೆ. ಅವರು ನಂಬದೆ ನಕಾಶೆಯ ಮೇಲೆ ತಮ್ಮ ಕೈಯನ್ನೇ ಇಟ್ಟು ಅಳೆದರು.

“ಒಂದು ಗೇಣು! ಇಷ್ಟನ್ನ ನಾ ಚಾ ಕುದಿಯೂದ್ರಾಗ ನೇಯ್ತೇನಿ. ಅದಕ್ಕ ಮೂರೂವರಿ ತಾಸ್ಯಾಕ್ರಿ?”

೨. ಕುರಿಗಾರ

ಟಿಕೀಟು ಮಾಡಿಸಲು ಸೋಮವಾರ ಇಬ್ಬರೂ ಬಾಗಲಕೋಟೆ ಬಸ್ಸು ಹತ್ತಿದೆವು. ಹುನಗುಂದದಲ್ಲಿ ಕುರಿಮರಿ ಬಗಲಲ್ಲಿಟ್ಟುಕೊಂಡು ಹತ್ತಿದ ಮುದುಕ ನಮ್ಮ ಮಾತೆಲ್ಲ ಕೇಳಿಸಿಕೊಂಡ.

“ನಡುವ ಮೇಸಾಕ ಎಲ್ಲಿ ಇಳಸ್ತಾರ?”

“ಎಲ್ಲೂ ಇಳಸೂದಿಲ್ಲೋ ಯಜಮಾನ.”

“ಹಂಗನ್ರಿ ಮತ್ತ! ಉಪಾಸ ಹೊಡಕೊಂಡು ಹ್ವಾದ್ರ ನನ್ನ ಕುರೀನೂ ಹಂಗ ಜಲ್ದಿ ಓಡ್ತಾವು.”

೩. ಕೊಂಡಿ

ಟಿಕೀಟಿನ ಅಂಗಡಿಯವ, “ಹುಬ್ಬಳ್ಳಿಯಿಂದ ಮುಂಬೈ, ಅಲ್ಲಿಂದ ದಿಲ್ಲಿಗೆ ಬ್ಯಾರೆ ವಿಮಾನ. ಕನೆಕ್ಷನ್ ಐತ್ರಿ” ಎಂದ.

ನೇಕಾರರ ಮುಖ ಅರಳಿತು. “ಕೊಂಡಿ ಅನ್ನಪಾ!”

ಇಳಕಲ್ ಸೀರೆಯ ಒಡಲಿನ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ. ಮಗ್ಗದ ಮೇಲೆ ಒಂದರೊಳಗೊಂದು ಸಿಕ್ಕಿಸಿ ಅವನ್ನು ಕೂಡಿಸುವುದೇ ಕೊಂಡಿ.

“ಮುಂಬೈದಾಗ ಕೊಂಡಿ ಹಾಕಾವ್ರು ಎಲ್ಲಿಯವ್ರು?”

“ಅಲ್ಲಿಯವ್ರ ಇರಬೇಕ್ರಿ.”

“ಇಳಕಲ್ಲಿನವ್ರಲ್ಲ? ಬಿಚ್ಚತೈತಿ ತಗೋ!”

ಬುಧವಾರ ನಸುಕಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದಾಗ ಅವರ ತಲೆಯ ಬಿಳಿ ರುಮಾಲು ಕುಂಬಳಕಾಯಿಯಷ್ಟಾಗಿತ್ತು. ದಿಲ್ಲಿಯ ಥಂಡಿಗೆ ಇರಬೇಕೆಂದುಕೊಂಡೆ.

೪. ಒಡಲು

ಅದೇ ಸಂಜೆ ಎಸ್‌ಟಿಡಿ ಬೂತಿನವ ಓಡುತ್ತ ಬಂದ. ಬಾದಾಮಿ ಕಡೆಯ ಹೊಸಬ, ಮಗ್ಗದ ಮಾತು ತಿಳಿಯದವ. ನೇಕಾರರ ಹೆಂಡತಿಯ ಮುಂದೆ ನಿಂತು ತಲೆಯ ಟೋಪಿ ತೆಗೆದ.

“ಅಕ್ಕಾರ, ಗಟ್ಟಿ ಆಗ್ರಿ. ಒಡಲು ದಿಲ್ಲಿ ಮುಟ್ಟೈತಂತ.”

ಓಣಿಗೆ ಓಣಿಯೇ ಬೋರಾಡಿ ಅಳತೊಡಗಿತು. ಟಿಕೀಟು ಮಾಡಿಸಿಕೊಟ್ಟ ಪಾಪಿ ನಾನೇ. ಆ ತಾಯಿ ಮಾತ್ರ ಕಣ್ಣು ಪಿಳುಕಿಸದೆ ಕೇಳಿದರು:

“ಸೆರಗು?”

“ಮುಂಬೈದಾಗ ಉಳದೈತಂತ್ರಿ.”

“ಅಯ್ಯ, ಕೊಂಡಿ ಬಿಚ್ಚೇತಿ! ಇವರು ಮುಟ್ಯಾರ, ಚೀಲ ಹಿಂದ ಉಳದೈತಿ!” ಎಂದು ನಕ್ಕವರು ಮರುಕ್ಷಣವೇ ಎದೆ ಹಿಡಿದುಕೊಂಡರು. “ನನ್ನ ಮಗಳ ಸೀರಿ!” ಈಗ ಖರೆ ಅಳು ಶುರುವಾಯಿತು.

“ಮತ್ತೇನಂದ್ರೋ?” ಎಂದು ನಾನು ಬೂತಿನವನನ್ನು ಅಲುಗಾಡಿಸಿದೆ.

“ಸೀರಿ ರುಮಾಲಿನ ಒಳಗ ಸುತ್ತೇನಿ, ಚಿಂತಿ ಬ್ಯಾಡ ಅಂದ್ರು.”

“ಅಂದ್ರು? ಯಾರಂದ್ರು? ಫೋನ್ ಮಾಡಿದಾವ್ರು ಯಾರು?”

ಬೂತಿನವ ಬೆವರು ಒರೆಸಿಕೊಂಡ.

“ದನಿ ಅವರದ ಇತ್ರಿ ಮಾಸ್ತರ್ರ. ಒಡಲು ಮಾತಾಡಾಕ ಹತ್ತೈತಿ ಅಂತಽ ಬೂತ್ ಬಿಟ್ಟು ಓಡಿ ಬಂದೆ!”